ಕೆರೆಯೋ, ಗದ್ದೆಯೋ?

ಮಳೆಗಾಲದಲ್ಲಿ ಹಂಸಭಾವಿಯ ಸೀಮೆಯಲ್ಲಿ ನಿಂತು ನೋಡಿದರೆ ಎತ್ತಲೂ ಹಸುರೇ. ಗೋವಿನಜೋಳದ ಹೊಲವೂ ಹಸುರು, ಬತ್ತದ ಗದ್ದೆಯೂ ಹಸುರು, ಜೊಂಡು ಬೆಳೆದ ಕೆರೆಯಂಗಳವೂ ಹಸುರು. ಬಳಿಗೆ ಹೋದರೆ ಇವುಗಳ ಭೇದ ಮಗುವಿಗೂ ತಿಳಿದೀತು. ಆದರೆ ಏಳೆಂಟು ನೂರು ಕಿಲೋಮೀಟರು ಎತ್ತರದಲ್ಲಿ ಸುತ್ತುವ ಕೃತಕ ಉಪಗ್ರಹವು ಇದನ್ನು ಅರಿಯುವುದೆಂತು?

ಎಲೆಯ ಪತ್ರಹರಿತ್ತು ಆಹಾರ ತಯಾರಿಕೆಗಾಗಿ ಬಿಸಿಲಿನ ಕೆಂಪು ಕಿರಣಗಳನ್ನು ಹೀರಿಕೊಳ್ಳುವುದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನಾದರೋ ಎಲೆಯೊಳಗಿನ ಜೀವಕೋಶಗಳು ಚದರಿಸಿ ಹಿಂದಕ್ಕೆ ಕಳುಹಿಸುವುವು. ನೀರಿನ ಗುಣ ಬೇರೆ. ಅದು ಅವಕೆಂಪನ್ನು ಬಹುಮಟ್ಟಿಗೆ ನುಂಗಿಬಿಡುವುದು. ಮರಳಿಬಂದ ಅವಕೆಂಪಿನಿಂದ ಕೆಂಪನ್ನು ಕಳೆದು, ಶೇಷವನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಸಸ್ಯಸೂಚ್ಯಂಕವೆಂದು ಹೆಸರು. ಒಂದೆಡೆಯಿಂದ ಅವಕೆಂಪಿನಲ್ಲಿ ನೂರಕ್ಕೆ 45 ಪಾಲೂ ಕೆಂಪಿನಲ್ಲಿ 5 ಪಾಲೂ ಮರಳಿದುವೆನ್ನೋಣ. ಆಗ 40ನ್ನು 50ರಿಂದ ಭಾಗಿಸಿದಂತಾಗಿ 0.8 ಬರುವುದು, ಅಲ್ಲಿ ದಟ್ಟವಾದ ಹಸುರುಂಟು. ತೆರೆದ ನೀರಿನಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗಿರುವುದು.

ಭಾರತವು 1988ರ ಮಾರ್ಚ್ 17ರಂದು ಐ.ಆರ್.ಎಸ್.-1ಎ ಉಪಗ್ರಹವನ್ನು ಹಾರಿಸಿತು. ಅದರ ಒಂದು ಕ್ಯಾಮರಾದ ಚಿತ್ರದಲ್ಲಿ ಒಂದೊಂದು ಚೌಕವೂ ನೆಲದ ಮೇಲೆ 72.5 ಮೀಟರು ಬದಿಯದು. ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಎಕರೆ ಹನ್ನೆರಡು ಗುಂಟೆ. 2015ರಲ್ಲಿ ಮೇಲೇರಿದ ಯೂರೋಪಿನ ಸೆಂಟಿನೆಲ್-2ರ ಚೌಕವಾದರೋ 10 ಮೀಟರಿನದು. ಉತಾರದಲ್ಲಿ ಬರೆಯುವ ಒಂದು ಗುಂಟೆಗೆ ಅದು ಹೆಚ್ಚುಕಡಮೆ ಸಮ.

ಚೌಕ ಕಿರಿದಾದರೂ ಒಂದು ತೊಡಕು ಉಳಿಯುವುದು. ತುಂಬಿ ಬೆಳೆದ ಬತ್ತಕ್ಕೂ ಕೆರೆಯ ಜೊಂಡಿಗೂ ಸೂಚ್ಯಂಕ ಒಂದೇ ಬರಬಹುದು! ಇಲ್ಲಿ ನೆರವಾಗುವುದು ಕಾಲ. ನಾಟಿಯ ಗದ್ದೆ ಮೊದಲು ನೀರಾಗಿ ಕಾಣುವುದು, ಬಳಿಕ ಹಸುರೇರುವುದು, ಕೊಯ್ಲಾದೊಡನೆ ಬರಿನೆಲವಾಗುವುದು. ಜೊಂಡಾದರೋ ನೆಲದಲ್ಲಿ ತೇವವಿರುವತನಕ ಹಸುರಾಗಿಯೇ ನಿಲ್ಲುವುದು. ಆದುದರಿಂದ ಒಂದು ಚಿತ್ರ ಸಾಲದು. ವರ್ಷವಿಡೀ ತೆಗೆದ ಚಿತ್ರಗಳನ್ನು ಸಾಲಾಗಿ ಹೋಲಿಸಬೇಕು. ಮೋಡ ಕವಿದ ದಿನಗಳಲ್ಲಿ ಮೋಡವನ್ನು ತೂರಿಬರುವ ರೇಡಾರ್ ಅಲೆಗಳನ್ನು ಬಳಸುವರು.

ಇಷ್ಟು ಸೂಕ್ಷ್ಮ ನಮಗೇಕೆ? ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರವು 2011ರಲ್ಲಿ ಹೊರತಂದ ರಾಷ್ಟ್ರೀಯ ಜೌಗುಭೂಮಿ ನಕ್ಷೆಯಲ್ಲಿ 2.25 ಹೆಕ್ಟೇರಿಗಿಂತ ಕಿರಿದಾದ ಜಲಾಶ್ರಯಗಳು ಬರಿಯ ಚುಕ್ಕೆಗಳಾದುವು. ನಮ್ಮ ಹಳ್ಳಿಗಳ ಎಷ್ಟೋ ಕಟ್ಟೆಗಳು ಈ ಅಳತೆಯವೇ. ಚುಕ್ಕೆಗೆ ಎಲ್ಲೆಯಿಲ್ಲ, ಎಲ್ಲೆಯಿಲ್ಲದ ಕೆರೆಯನ್ನು ಅಂಚಿನಿಂದ ಉಳುತ್ತ ಬಂದರೆ ನಕ್ಷೆಯಲ್ಲಿ ಏನೂ ಬದಲಾಗದು. ಜೊಂಡನ್ನು ಬೆಳೆಯೆಂದು ಎಣಿಸಿದರೆ ಕೆರೆಯೇ ಕಾಗದದ ಮೇಲೆ ಗದ್ದೆಯಾದೀತು.

ಉಪಗ್ರಹವು ಊಹೆಯನ್ನು ಕೊಡುವುದು. ಅದನ್ನು ದೃಢಪಡಿಸಲು ನೆಲದ ಮೇಲೆ ನಡೆಯುವ ಕಾಲುಗಳೇ ಬೇಕು. ಸೆಂಟಿನೆಲ್ ಚಿತ್ರಗಳು ಎಲ್ಲರಿಗೂ ಉಚಿತವಾಗಿ ದೊರೆಯುವುವು. ವಿದ್ಯಾರ್ಥಿಗಳು ತಮ್ಮೂರ ಕೆರೆಯ ಚಿತ್ರವನ್ನು ಹಿಡಿದು ಅದರ ಅಂಚಿನಲ್ಲಿ ಒಮ್ಮೆ ಸುತ್ತಿಬರಲಿ. ಎಲ್ಲಿ ಜೊಂಡು, ಎಲ್ಲಿ ಬತ್ತ ಎಂದು ಗುರುತು ಹಾಕಲಿ. ನಕ್ಷೆ ನಿಜವಾಗುವುದು ಆಗಲೇ.