ನಾಳೆ ಓದಿದರಾಯಿತು

ಅಮೆರಿಕದ ದಕ್ಷಿಣ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ಜೇಮ್ಸ್ ಮೇಝರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮುಂದೆ ಒಂದು ವಿಚಿತ್ರವಾದ ಆಯ್ಕೆಯನ್ನಿಟ್ಟರು. ಹಕ್ಕಿಯು ಗುಂಡಿಯೊಂದನ್ನು ಕೊಕ್ಕಿನಿಂದ ಇಂತಿಷ್ಟು ಸಲ ಕುಟ್ಟಬೇಕು. ಅದೇ ಅದರ ಕೆಲಸ. ಮೊದಲನೆಯ ದಾರಿಯನ್ನು ಹಿಡಿದರೆ ಕುಟ್ಟುವುದು ಕಡಮೆ, ಆದರೆ ಬೇಗನೆ ಕುಟ್ಟಬೇಕು. ಎರಡನೆಯದನ್ನು ಹಿಡಿದರೆ ಕುಟ್ಟುವುದು ಹೆಚ್ಚು, ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕುಟ್ಟಬಹುದು. ಕೊನೆಗೆ ದೊರೆಯುವ ಕಾಳು ಎರಡು ದಾರಿಗಳಲ್ಲಿಯೂ ಒಂದೇ. ಲೆಕ್ಕ ಬಲ್ಲ ಯಾವ ಪ್ರಾಣಿಯಾದರೂ ಮೊದಲನೆಯದನ್ನೇ ಆರಿಸಬೇಕಲ್ಲವೆ? ಪಾರಿವಾಳಗಳು ಮಾತ್ರ ಮತ್ತೆ ಮತ್ತೆ ಎರಡನೆಯದನ್ನು ಆರಿಸಿದುವು. ಕೆಲಸ ದೊಡ್ಡದಾದರೂ ಚಿಂತೆಯಿಲ್ಲ, ಈಗ ಬೇಡ ಎಂಬುದೇ ಅವುಗಳ ತೀರ್ಮಾನ. ಈ ಪ್ರಯೋಗದ ವರದಿ 1996ರಲ್ಲಿ ಪ್ರಕಟವಾಯಿತು.

ಪಾರಿವಾಳಕ್ಕೆ ಪರೀಕ್ಷೆಯ ಭಯವಿಲ್ಲ, ಸಿನಿಮಾದ ಹುಚ್ಚಿಲ್ಲ, ಅದರ ರೆಕ್ಕೆಯ ಸಂದಿಯಲ್ಲಿ ಮೊಬೈಲ್ ಫೋನೂ ಇಲ್ಲ. ಆದರೂ ಅದು ನಮ್ಮ ವಿದ್ಯಾರ್ಥಿಗಳಂತೆಯೇ ನಡೆದುಕೊಂಡಿತು. ಕೆಲಸವನ್ನು ಮುಂದಕ್ಕೆ ತಳ್ಳುವ ಸ್ವಭಾವವು ಈ ಕಾಲದ ಹುಡುಗರು ಕಲಿತ ಕೆಟ್ಟ ಚಾಳಿಯೆಂದು ಹೇಳುವವರು ಈ ಹಕ್ಕಿಗಳನ್ನು ಸ್ವಲ್ಪ ನೆನೆಯುವುದು ಒಳ್ಳೆಯದು.

ಈ ಸ್ವಭಾವಕ್ಕೆ ನಮ್ಮ ಹಿರಿಯರು ‘ದೀರ್ಘಸೂತ್ರತೆ’ ಎಂಬ ಸೊಗಸಾದ ಹೆಸರನ್ನಿಟ್ಟಿದ್ದರು. ಮಹಾಭಾರತದ ಶಾಂತಿಪರ್ವದಲ್ಲಿ ಮೂರು ಮೀನುಗಳ ಕಥೆಯೊಂದುಂಟು. ಬೆಸ್ತರು ಕೆರೆಯ ನೀರನ್ನು ಹೊರಗೆ ಹರಿಯಬಿಡುತ್ತಿರುವುದನ್ನು ಕಂಡು ಮೊದಲನೆಯ ಮೀನು ಆಗಲೇ ಬೇರೆಡೆಗೆ ಹೋಯಿತು. ಎರಡನೆಯದು ಸಿಕ್ಕಿಬಿದ್ದ ಮೇಲೆ ಉಪಾಯದಿಂದ ತಪ್ಪಿಸಿಕೊಂಡಿತು. ಅವಸರವೇನಿದೆ ಎಂದು ಉಳಿದ ಮೂರನೆಯದು ಸತ್ತಿತು. ಆ ಮೂರನೆಯ ಮೀನಿನ ಹೆಸರೇ ದೀರ್ಘಸೂತ್ರ. ಕಥೆ ಸೊಗಸಾಗಿದೆ, ಆದರೆ ಆ ಮೀನು ಏಕೆ ಹಾಗೆ ಮಾಡಿತೆಂಬುದನ್ನು ಕಥೆ ಹೇಳುವುದಿಲ್ಲ. ವಿಜ್ಞಾನದ ಕುತೂಹಲವೆಲ್ಲ ಆ ‘ಏಕೆ’ಯಲ್ಲಿದೆ.

ಊರ ಹೊರಗೆ ನಿಂತು ನೋಡಿದರೆ ದೂರದ ಬೆಟ್ಟವು ದಾರಿಬದಿಯ ಹುಣಿಸೆಯ ಮರಕ್ಕಿಂತ ಎತ್ತರವಾಗಿಯೇ ಕಾಣುವುದು. ನಡೆಯುತ್ತ ಮರದ ಬುಡಕ್ಕೆ ಬಂದೆವೆಂದರೆ ಬೆಟ್ಟ ಮರೆಯಾಗಿ ಮರವೊಂದೇ ಕಣ್ತುಂಬುವುದು. ಬೆಟ್ಟವೇನೂ ಕುಗ್ಗಲಿಲ್ಲ, ಮರ ಹತ್ತಿರವಾಯಿತು, ಅಷ್ಟೆ. ಕಾಲದ ವಿಷಯದಲ್ಲಿಯೂ ಮನಸ್ಸಿನ ಕಣ್ಣು ಹೀಗೆಯೇ ಮೋಸಹೋಗುವುದು. ಮುಂದೆಂದೋ ದೊರೆಯುವ ಫಲದ ಬೆಲೆಯನ್ನು ಮನಸ್ಸು ಹೇಗೆ ಕಡಮೆ ಮಾಡುತ್ತದೆಂಬುದನ್ನು ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಅಳೆದು ನೋಡಿದ್ದಾರೆ. ಗಣಿತದ ತರಗತಿಯಲ್ಲಿ ನೀವು ಕಂಡಿರುವ ಅತಿಪರವಲಯವೆಂಬ ವಕ್ರರೇಖೆಯನ್ನು ಅದು ಬಹುಮಟ್ಟಿಗೆ ಹೋಲುತ್ತದೆ. ಒಂದು ಸುಲಭವಾದ ಲೆಕ್ಕ ಮಾಡೋಣ. ಫಲದ ಬೆಲೆಯನ್ನು, ಕಾಯಬೇಕಾದ ದಿನಗಳಿಗೆ ಒಂದನ್ನು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿರಿ. ಪರೀಕ್ಷೆಯ ಬೆಲೆ 100, ಕ್ರಿಕೆಟ್ ಪಂದ್ಯದ ಬೆಲೆ 10 ಎಂದಿಟ್ಟುಕೊಳ್ಳಿ. ಪಂದ್ಯಕ್ಕೆ 7 ದಿನ, ಪರೀಕ್ಷೆಗೆ 37 ದಿನ ಇರುವಾಗ ಪಂದ್ಯಕ್ಕೆ 10ನ್ನು 8ರಿಂದ ಭಾಗಿಸಿ 1.25 ಬರುತ್ತದೆ, ಪರೀಕ್ಷೆಗೆ 100ನ್ನು 38ರಿಂದ ಭಾಗಿಸಿ ಸುಮಾರು 2.6. “ಆ ದಿನ ಪಂದ್ಯ ನೋಡುವುದಿಲ್ಲ, ಓದುತ್ತೇನೆ” ಎಂಬ ನಿಶ್ಚಯ ಸುಲಭವಾಗಿ ಮೂಡುವುದು, ಅದೂ ಪ್ರಾಮಾಣಿಕವಾಗಿಯೇ. ವಾರ ಕಳೆದು ಪಂದ್ಯದ ಸಂಜೆ ಬಂದಾಗ ಪಂದ್ಯದ ಬೆಲೆ ಪೂರ್ತಿ 10. ಪರೀಕ್ಷೆಯದು 100ನ್ನು 31ರಿಂದ ಭಾಗಿಸಿದ 3.2. ನಿಶ್ಚಯ ಮುರಿಯಿತು! ಈ ಸಂಖ್ಯೆಗಳು ಉದಾಹರಣೆಗಾಗಿ ಇಟ್ಟುಕೊಂಡವು, ರೇಖೆಯ ಕಡಿದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಆದರೆ ವಾರದ ಹಿಂದೆ ಸುಳ್ಳು ಹೇಳದೆಯೂ ಇಂದು ಮಾತಿಗೆ ತಪ್ಪುವುದು ಹೇಗೆ ಸಾಧ್ಯವೆಂಬುದು ಇದರಿಂದ ತಿಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ಕಾರಣವೂ ಸೇರಿದೆ. ಕಷ್ಟವಾದ ಪಾಠವನ್ನು ತೆರೆದೊಡನೆ ಮನಸ್ಸಿಗೆ ಒಂದು ಬಗೆಯ ಕಸಿವಿಸಿ. ಪುಸ್ತಕವನ್ನು ಮುಚ್ಚಿದೊಡನೆ ಹಗುರ. ಆ ಹಗುರವೇ ತತ್‌ಕ್ಷಣದ ಬಹುಮಾನ. ಅದಕ್ಕೆ ತೆರುವ ಬೆಲೆಯೇನು? ಡಯೇನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ ಎಂಬವರು 1997ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಒಂದು ಪಾಠಾವಧಿಯುದ್ದಕ್ಕೂ ಗಮನಿಸಿದರು. ಅವಧಿಯ ಮೊದಲಲ್ಲಿ, ಕೆಲಸ ಮುಂದೂಡುವವರೇ ಉಳಿದವರಿಗಿಂತ ನೆಮ್ಮದಿಯಾಗಿಯೂ ಆರೋಗ್ಯವಾಗಿಯೂ ಇದ್ದರು. ಕೊನೆಯ ವಾರಗಳಲ್ಲಿ ಲೆಕ್ಕ ತಲೆಕೆಳಗಾಯಿತು: ಹೆಚ್ಚು ಆತಂಕ, ಹೆಚ್ಚು ಕಾಯಿಲೆ, ಅಂಕಗಳೂ ಕಡಮೆ. ಒಟ್ಟು ಕೂಡಿಸಿ ನೋಡಿದರೂ ಅವರ ಪಾಲಿಗೆ ನಷ್ಟವೇ ಹೆಚ್ಚು.

ಆದರೆ ಓದಿನ ವಿಷಯದಲ್ಲಿ ಇದಕ್ಕಿಂತಲೂ ದೊಡ್ಡದಾದ, ಕಣ್ಣಿಗೆ ಕಾಣದ ನಷ್ಟವೊಂದಿದೆ. ಮುಂದೂಡುವವನು ಗಂಟೆಗಳನ್ನು ಕಳೆದುಕೊಳ್ಳುತ್ತಾನೆಂದು ಎಲ್ಲರೂ ಹೇಳುವರು. ಗಂಟೆಗಳನ್ನು ಹೇಗೋ ಮತ್ತೆ ಪಡೆಯಬಹುದು. ನಾಲ್ಕು ರಾತ್ರಿ ನಿದ್ದೆಗೆಟ್ಟರೆ ಮೂವತ್ತು ಗಂಟೆ ಸಿಕ್ಕೀತು. ಮತ್ತೆ ಪಡೆಯಲಾರದ್ದು ಒಂದು ಓದಿಗೂ ಇನ್ನೊಂದು ಓದಿಗೂ ನಡುವೆ ಇರಬೇಕಾದ ಬಿಡುವು.

ಇದನ್ನು ಮೊದಲು ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವನಿಗೆ ದೊಡ್ಡ ಪ್ರಯೋಗಶಾಲೆಯಿರಲಿಲ್ಲ. ಪ್ರಯೋಗಕ್ಕೆ ಒಳಗಾದವನೂ ಅವನೊಬ್ಬನೇ. ಅರ್ಥವುಳ್ಳ ಪದಗಳಾದರೆ ಹಳೆಯ ನೆನಪುಗಳು ಸಹಾಯಕ್ಕೆ ಬರುವುವೆಂದು, ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಸುಮಾರು 2,300 ಅರ್ಥಹೀನ ಶಬ್ದಗಳನ್ನು ಕಟ್ಟಿಕೊಂಡನು. ನಿಮಿಷಕ್ಕೆ 150 ಬಡಿತಗಳ ತಾಳಕ್ಕೆ ಸರಿಯಾಗಿ, ಒಂದೊಂದು ಬಡಿತಕ್ಕೆ ಒಂದೊಂದು ಶಬ್ದದಂತೆ, ಪಟ್ಟಿಗಳನ್ನು ಬಾಯಿಪಾಠ ಮಾಡಿದನು. ವರ್ಷಗಟ್ಟಲೆ ಒಬ್ಬ ವಿದ್ವಾಂಸನು ಕೋಣೆಯಲ್ಲಿ ಕುಳಿತು ಅರ್ಥವಿಲ್ಲದ್ದನ್ನು ಉರುಹೊಡೆಯುತ್ತಿದ್ದನೆಂದರೆ ನೆರೆಯವರು ಏನೆಂದುಕೊಂಡಿರಬೇಡ! ಆದರೆ ಅವನ ವಿಧಾನ ಬಲು ಜಾಣತನದ್ದು. ನೆನಪಿದೆಯೆ ಇಲ್ಲವೆ ಎಂದು ಅವನು ಕೇಳಿಕೊಳ್ಳಲಿಲ್ಲ. ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಕಾಲ ಉಳಿತಾಯವಾಯಿತೆಂದು ಅಳೆದನು. ಮೊದಲ ಸಲ 100 ನಿಮಿಷ ಹಿಡಿದದ್ದು ಎರಡನೆಯ ಸಲ 60 ನಿಮಿಷದಲ್ಲಿ ಮುಗಿದರೆ ಉಳಿತಾಯ ಶೇಕಡ 40. ಕಲಿತ 20 ನಿಮಿಷಗಳ ಮೇಲೆ ಅವನಿಗೆ ಉಳಿದದ್ದು ಸುಮಾರು ಶೇಕಡ 58, ಒಂದು ಗಂಟೆಯ ಮೇಲೆ 44, ಒಂದು ದಿನದ ಮೇಲೆ 34, ತಿಂಗಳ ಮೇಲೆ 21. ಮರೆವು ಮೊದಲು ಓಡುತ್ತದೆ, ಆಮೇಲೆ ತೆವಳುತ್ತದೆ. 2015ರಲ್ಲಿ ಡಚ್ ಸಂಶೋಧಕರು ಇದನ್ನು ಮತ್ತೆ ಮಾಡಿ ನೋಡಿದಾಗಲೂ ರೇಖೆ ಹೆಚ್ಚುಕಡಮೆ ಹಾಗೆಯೇ ಬಂದಿತು.

1885ರ ಅವನ ಪುಸ್ತಕದಲ್ಲಿ ಇನ್ನೊಂದು ಅಳತೆಯಿದೆ. ವಿದ್ಯಾರ್ಥಿಗಳಿಗೆ ಅದೇ ಹೆಚ್ಚು ಮುಖ್ಯವೆಂದು ನನಗನ್ನಿಸುತ್ತದೆ. ಹನ್ನೆರಡು ಶಬ್ದಗಳ ಪಟ್ಟಿಯನ್ನು ಹಿಂದಿನ ದಿನ ಒಂದೇ ಸಮನೆ 68 ಸಲ ಹೇಳಿಕೊಂಡದ್ದರಿಂದ ಎಷ್ಟು ಪ್ರಯೋಜನವಾಯಿತೋ, ಮೂರು ದಿನಗಳಲ್ಲಿ ಹಂಚಿ 38 ಸಲ ಹೇಳಿಕೊಂಡದ್ದರಿಂದಲೂ ಅಷ್ಟೇ ಆಯಿತು. ಮೂವತ್ತು ಸಲದ ದುಡಿಮೆ ಉಳಿಯಿತು. ಉಳಿಸಿದ್ದು ಯಾವುದು? ನಡುವಿನ ಖಾಲಿ ದಿನಗಳು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವವನಿಗೆ ಎಷ್ಟು ಛಲವಿದ್ದರೂ ಆ ಖಾಲಿ ದಿನಗಳನ್ನು ಯಾರೂ ತಂದುಕೊಡಲಾರರು.

“ನಾನು ಹಿಂದಿನ ರಾತ್ರಿ ಓದಿಯೇ ಪಾಸಾದೆನಲ್ಲ!” ಎಂದು ಕೆಲವರು ಕೇಳಬಹುದು. ಅವರ ಮಾತೂ ಸುಳ್ಳಲ್ಲ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಪಾಠವೊಂದನ್ನು ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಬರೆದರು. ಐದು ನಿಮಿಷಗಳ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದವರು ಶೇಕಡ 81, ಬರೆದವರು 75. ಒಂದು ವಾರದ ಮೇಲೆ ಓದಿದವರು 42ಕ್ಕೆ ಇಳಿದರು. ಬರೆದವರು 56ರಲ್ಲಿ ನಿಂತರು. ಅವಸರದ ಓದು ಬೆಳಗಿನ ಪರೀಕ್ಷೆಗೆ ಒದಗೀತು, ಆದರೆ ಪಿ.ಯು.ಸಿ. ಮೊದಲ ವರ್ಷದ ಭೌತಶಾಸ್ತ್ರ ಎರಡನೆಯ ವರ್ಷಕ್ಕೆ ಬೇಕು, ಅಲ್ಲಿನದು ಎಂಜಿನಿಯರಿಂಗಿಗೆ ಬೇಕು. ಪಾಸಾದ ವಿಷಯವನ್ನೇ ಮತ್ತೆ ಮೊದಲಿನಿಂದ ಓದುವವರು ಎಷ್ಟು ಮಂದಿಯಿಲ್ಲ!

ಹಾಗಾದರೆ ಉಪಾಯವೇನು? ಮತ್ತೆ ಪಾರಿವಾಳಗಳ ಬಳಿಗೇ ಹೋಗೋಣ. ಜಾರ್ಜ್ ಐನ್‌ಸ್ಲಿ ಎಂಬವರು 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಣ್ಣದ ಗುಂಡಿಯೊಂದು ಬೆಳಗಿದಾಗ ಕುಟ್ಟಿದರೆ ಆಗಲೇ ಸ್ವಲ್ಪ ಕಾಳು. ಕುಟ್ಟದೆ ತಾಳಿಕೊಂಡರೆ ತುಸು ಹೊತ್ತಿನ ಮೇಲೆ ಹೆಚ್ಚು ಕಾಳು. ಹತ್ತು ಹಕ್ಕಿಗಳಲ್ಲಿ ಹೆಚ್ಚಿನವು ತಾಳಲಿಲ್ಲ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸಲ ಕುಟ್ಟಿದುವು. ಆಮೇಲೆ ಅವರು ಇನ್ನೊಂದು ಬಣ್ಣವನ್ನು ಅದಕ್ಕಿಂತ ಮುಂಚಿತವಾಗಿ ತೋರಿಸಿದರು. ಅದನ್ನು ಕುಟ್ಟಿದರೆ ಮೋಹದ ಗುಂಡಿ ಬೆಳಗುವುದೇ ಇಲ್ಲ. ಹತ್ತರಲ್ಲಿ ಮೂರು ಹಕ್ಕಿಗಳು ಇದನ್ನು ಕಲಿತು, ಆಸೆ ಇನ್ನೂ ದೂರವಿರುವಾಗಲೇ ಬಾಗಿಲು ಹಾಕಿಕೊಂಡುವು. ಮರದ ಬುಡಕ್ಕೆ ಬಂದ ಮೇಲೆ ಬೆಟ್ಟವನ್ನು ಕಾಣಬೇಕೆಂದು ಹೆಣಗುವುದಕ್ಕಿಂತ, ಬೆಟ್ಟ ಕಾಣುತ್ತಿರುವಾಗಲೇ ದಾರಿಯನ್ನು ಗೊತ್ತುಮಾಡಿಕೊಳ್ಳುವುದು ಸುಲಭ.

ಓದುವಾಗ ಫೋನನ್ನು ಮೇಜಿನ ಮೇಲಿಟ್ಟು ಮನಸ್ಸನ್ನು ಬಿಗಿಹಿಡಿಯುವುದು ತಾಳಲಾರದೆ ಹೋದ ಹಕ್ಕಿಗಳ ಪಾಡು. ಓದಲು ಕುಳಿತುಕೊಳ್ಳುವ ಮೊದಲೇ ಅದನ್ನು ಬೇರೆ ಕೋಣೆಯಲ್ಲಿ ಅಮ್ಮನ ವಶಕ್ಕೆ ಕೊಟ್ಟು ಬರುವುದು ಆ ಮೂರು ಹಕ್ಕಿಗಳ ಜಾಣತನ. ನಿಶ್ಚಯಗಳ ವಿಷಯದಲ್ಲಿಯೂ ಇದೇ ಮಾತು. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ವಿದ್ಯಾರ್ಥಿಗಳಿಗೆ, ಕ್ರಿಸ್ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರೆಂದು ಎರಡು ದಿನಗಳೊಳಗೆ ಬರೆದು ಕಳುಹಿಸಬೇಕೆಂದು ಹೇಳಿದರು. ಹಬ್ಬದ ಸಡಗರದಲ್ಲಿ ಇದು ಸುಲಭದ ಕೆಲಸವಲ್ಲ. ಎಲ್ಲಿ ಕುಳಿತು, ಯಾವಾಗ ಬರೆಯುವೆನೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಮುಕ್ಕಾಲು ಪಾಲು ಜನ ಹೇಳಿದ ಕಾಲಕ್ಕೆ ಬರೆದರು. ಬರೆಯುವೆನೆಂದಷ್ಟೇ ಒಪ್ಪಿಕೊಂಡವರಲ್ಲಿ ಮೂರನೆಯ ಒಂದು ಪಾಲು. 1997ರಲ್ಲಿ ಪ್ರಕಟವಾದ ಫಲಿತಾಂಶವಿದು. “ಈ ವಾರ ರಸಾಯನಶಾಸ್ತ್ರ ಓದುತ್ತೇನೆ” ಎಂಬುದಕ್ಕೂ “ರಾತ್ರಿ ಊಟವಾಗಿ ಕೈತೊಳೆದೊಡನೆ ಕಿಟಕಿಯ ಬಳಿ ಕುಳಿತು ಎರಡನೆಯ ಅಧ್ಯಾಯದ ಮೊದಲ ಲೆಕ್ಕ ಮಾಡುತ್ತೇನೆ” ಎಂಬುದಕ್ಕೂ ಇರುವ ಅಂತರ ಇದೇ. (ನಾಲ್ಕು ಬಣ್ಣದ ಶಾಯಿಗಳಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದು ಬೇರೆಯೇ ವಿದ್ಯೆ, ಬಹುಮಟ್ಟಿಗೆ ಅದು ಓದನ್ನು ಮುಂದೂಡುವ ಇನ್ನೊಂದು ಬಗೆ.)

ಮೊದಲ ಲೆಕ್ಕ ಒಂದನ್ನೇ ಏಕೆ ಹೇಳಿದೆನೆಂದರೆ, ಮಾರಿಯಾ ಒವ್ಸ್ಯಾಂಕಿನಾ ಎಂಬಾಕೆ 1928ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಧದಲ್ಲಿ ತಡೆದ ಕೆಲಸವನ್ನು ಜನರು ಯಾರೂ ಹೇಳದಿದ್ದರೂ ತಾವಾಗಿ ಮತ್ತೆ ಕೈಗೆತ್ತಿಕೊಳ್ಳುವುದು ಕಂಡುಬಂದಿತು. ತೊಡಗಿದ ಕೆಲಸ ತಾನೇ ಕರೆಯುತ್ತದೆ. ತೊಡಗದ ಕೆಲಸಕ್ಕೆ ದನಿಯಿಲ್ಲ.

ಇನ್ನು, ಇಷ್ಟು ದಿನ ಓದದೆ ಕಳೆದವರ ವಿಷಯ. ಮನೆಯಲ್ಲಿ ಅವರಿಗೆ ಬೈಗುಳಕ್ಕೇನೂ ಕೊರತೆಯಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರೇ ತಮ್ಮನ್ನು ಬೈದುಕೊಳ್ಳುವರು. ಕೆನಡದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ಕಾಲದಲ್ಲಿ ವಿಚಾರಿಸಿದ ಅಧ್ಯಯನವೊಂದು 2010ರಲ್ಲಿ ಹೊರಬಂದಿತು. ಮೊದಲನೆಯ ಪರೀಕ್ಷೆಗೆ ಓದದೆ ಕಾಲ ತಳ್ಳಿದವರಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಅಷ್ಟಾಗಿ ಕಾಲ ತಳ್ಳಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪುಸ್ತಕವನ್ನು ಕಂಡೊಡನೆ ಪಾಠದ ಜೊತೆಗೆ ನಾಚಿಕೆಯೂ ಎದ್ದು ಬರುವುದಾದರೆ, ನಾಚಿಕೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿಯಾದರೂ ಮನಸ್ಸು ಪುಸ್ತಕವನ್ನು ಮುಚ್ಚಿಬಿಡುತ್ತದೆ.