ಅಲಗಿನ ಹದ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬೇಗೂರು ಇಂದು ಮಹಾನಗರದೊಳಗೆ ಸೇರಿಹೋಗಿದ್ದರೂ ಬಹು ಪ್ರಾಚೀನವಾದ ಊರು. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವೊಂದು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ, ಈವರೆಗೆ ತಿಳಿದಿರುವ ಅತಿ ಹಳೆಯ ಬರಹ ಅದೇ. ಬೇಗೂರಿನ ಮತ್ತೊಂದು ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಅರಸ ಎರೆಯಪ್ಪನ ಕಾಲದ ಆ ಕಲ್ಲಿನ ಮೇಲೆ ಯುದ್ಧದ ದೃಶ್ಯ ಕಿಕ್ಕಿರಿದು ಮೂಡಿದೆ. ಆನೆ ಕುದುರೆಗಳ ನಡುವೆ ಯೋಧರು ಆಯುಧಗಳನ್ನು ಹಿಡಿದು ಹೋರಾಡುತ್ತಿದ್ದಾರೆ. ಕಾಳಗದಲ್ಲಿ ಮಡಿದ ನಾಗತ್ತರನ ಹೆಸರು ಆ ಕಲ್ಲಿನಲ್ಲಿ ಉಳಿದಿದೆ. ಅರಸನ ಹೆಸರೂ ಉಳಿದಿದೆ. ಯೋಧರ ಕೈಯ ಕತ್ತಿಗಳನ್ನು ಬಡಿದು ಹದಮಾಡಿದ ಕಮ್ಮಾರನ ಹೆಸರು ಮಾತ್ರ ಅಲ್ಲಿಲ್ಲ.

ತನ್ನ ಹೆಸರನ್ನು ಬರೆಯಿಸದ ಕಮ್ಮಾರನು ತನ್ನ ವಿದ್ಯೆಯನ್ನೂ ಬರೆದಿಡಲಿಲ್ಲ. ಅದು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಸಾಗಿಬಂತು. ಹಿಂದಿನ ಕಾಲದ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರ ಪೈಕಿ ಕಮ್ಮಾರನೂ ಒಬ್ಬನಾಗಿದ್ದನು. ನೇಗಿಲ ಗುಳ, ಕುಡುಗೋಲು, ಮಚ್ಚು, ಈಳಿಗೆಮಣೆಯ ಅಲಗು ಇವೆಲ್ಲವೂ ಅವನ ಕುಲುಮೆಯಲ್ಲಿ ಸಿದ್ಧವಾಗುತ್ತಿದ್ದವು. ಸುಗ್ಗಿಯ ಕಾಲದಲ್ಲಿ ರೈತರು ಅವನ ಪಾಲಿನ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಪುಸ್ತಕದಲ್ಲಿಲ್ಲದ ಇಂತಹ ವಿದ್ಯೆಯನ್ನು ಕಲಿಯುವುದು ಹೇಗೆ? ಒಂದು ಚಾಕು ರೂಪುಗೊಳ್ಳುವ ಬಗೆಯನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

ಕುಲುಮೆಗೆ ಕಲಿಯಲು ಬಂದ ಹುಡುಗನ ಕೈಗೆ ಮೊದಲ ದಿನವೇ ಸುತ್ತಿಗೆ ಬರುವುದಿಲ್ಲ. ಅವನು ತಿದಿಯೊತ್ತಲು ಕುಳಿತುಕೊಳ್ಳಬೇಕು. ಇದು ಕೀಳು ಕೆಲಸವೆಂದು ಭಾವಿಸಬಾರದು. ವಿದ್ಯೆಯ ಮೊದಲ ಪಾಠವೇ ಇದು. ತಿದಿಯ ಗಾಳಿಯಿಂದ ಇದ್ದಿಲು ಉರಿದಂತೆ ಅದರೊಳಗಿನ ಉಕ್ಕಿನ ತುಂಡು ಮೊದಲು ಮಂಕುಗೆಂಪಾಗಿ, ಅನಂತರ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಬೆಳ್ಳಗಾಗುತ್ತದೆ. ಕಿತ್ತಳೆ ಬಣ್ಣ ಬಂದಾಗ ಅದರ ಉಷ್ಣತೆ ಸುಮಾರು 1000 ಡಿಗ್ರಿ ಸೆಲ್ಸಿಯಸ್. ಅದು ಬಡಿಯಲು ತಕ್ಕ ಸಮಯ. ಬೆಳ್ಳಗೆ ಕಾದು ಕಿಡಿ ಸಿಡಿಯತೊಡಗಿದರೆ ಉಕ್ಕು ಸುಟ್ಟು ಕೆಡುತ್ತದೆ. ಕೆಂಪು ಆರಿದ ಮೇಲೂ ಬಡಿದರೆ ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ಈ ಬಣ್ಣಗಳು ಸರಿಯಾಗಿ ಕಾಣುವುದಿಲ್ಲ. ಆದುದರಿಂದಲೇ ಕುಲುಮೆಯನ್ನು ನೆರಳಿನಲ್ಲಿ ಹೂಡುತ್ತಾರೆ. ತಿದಿಯ ಬಳಿ ಕುಳಿತ ಶಿಷ್ಯನು ದಿನವೂ ಈ ಬಣ್ಣಗಳನ್ನು ನೋಡುತ್ತಾನೆ. ಗುರುವು ಯಾವ ಬಣ್ಣಕ್ಕೆ ಇಕ್ಕುಳ ಚಾಚಿದನೆಂಬುದನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳುತ್ತಾನೆ.

ಅನಂತರ ಬಡಿಯುವ ಪಾಠ. ಗುರುವು ಕಾದ ತುಂಡನ್ನು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುತ್ತಾನೆ. ಅವನು ತೋರಿದ ಜಾಗಕ್ಕೆ ಶಿಷ್ಯನು ದೊಡ್ಡ ಸುತ್ತಿಗೆಯಿಂದ ಹೊಡೆಯಬೇಕು. ಇಲ್ಲಿ ಮಾತಿಗೆ ಅವಕಾಶವಿಲ್ಲ. ಸಣ್ಣ ಸುತ್ತಿಗೆಯೇ ಅಪ್ಪಣೆ. ಅಲಗಿನ ಬಾಯಿಯನ್ನು ತೆಳುಮಾಡುತ್ತ ಹೋದಂತೆ ಆ ಭಾಗ ಉದ್ದವಾಗಿ, ಇಡೀ ಅಲಗು ಬೆನ್ನಿನ ಕಡೆಗೆ ಬಾಗಿಬಿಡುತ್ತದೆ. ಅನುಭವಿಯಾದ ಕಮ್ಮಾರನು ಇದನ್ನು ಮುಂಚಿತವಾಗಿಯೇ ಊಹಿಸಿ, ತುಂಡನ್ನು ಬಾಯಿಯ ಕಡೆಗೆ ತುಸು ಬಾಗಿಸಿಕೊಂಡು ಕೆಲಸವನ್ನಾರಂಭಿಸುತ್ತಾನೆ. ಬಡಿದು ಮುಗಿಸುವ ಹೊತ್ತಿಗೆ ಅಲಗು ತಾನಾಗಿ ನೇರವಾಗುತ್ತದೆ. ಇದನ್ನರಿಯದ ಶಿಷ್ಯನ ಮೊದಲ ಚಾಕು ಬಾಳೆಕಾಯಿಯಂತೆ ಡೊಂಕಾಗುವುದು ಸಹಜ.

ಆಕಾರ ಬಂದ ಮಾತ್ರಕ್ಕೆ ಅದು ಚಾಕು ಎನಿಸಿಕೊಳ್ಳುವುದಿಲ್ಲ. ಅದಕ್ಕೆ ಹದ ಬರಬೇಕು. ಉಕ್ಕೆಂದರೆ ಇಂಗಾಲ ಬೆರೆತ ಕಬ್ಬಿಣ. ಚಾಕುಗಳಿಗೆ ಬಳಸುವ ಲಾರಿಯ ಪಟ್ಟೆಯಂತಹ ಉಕ್ಕಿನಲ್ಲಿ ನೂರಕ್ಕೆ ಸುಮಾರು 0.6 ಭಾಗ ಇಂಗಾಲವಿರುತ್ತದೆ. ಇಂತಹ ಉಕ್ಕನ್ನು ಅಯಸ್ಕಾಂತವು ಸೆಳೆಯದಾಗುವಷ್ಟು, ಎಂದರೆ ಸುಮಾರು 770 ಡಿಗ್ರಿಗಿಂತ ತುಸು ಹೆಚ್ಚು ಕಾಯಿಸಿದರೆ ಇಂಗಾಲವು ಕಬ್ಬಿಣದಲ್ಲಿ ಕರಗಿ ಹರಡಿಕೊಳ್ಳುತ್ತದೆ. ಆಗ ಥಟ್ಟನೆ ತಣಿಸಿದರೆ ಅದು ಹೊರಬರಲಾರದೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ; ಉಕ್ಕು ಬಹಳ ಗಡುಸಾಗುತ್ತದೆ. ಆದರೆ ಹೀಗೆ ಗಡುಸಾದ ಅಲಗು ಗಾಜಿನಂತೆ ಪೆಡಸು. ಕೈಜಾರಿ ಬಿದ್ದರೆ ಮುರಿದೀತು.

ಆದುದರಿಂದ ಕಮ್ಮಾರನು ಅಲಗಿನ ಬಾಯಿಯನ್ನು ಮಾತ್ರ ನೀರಿನಲ್ಲಿ ಅದ್ದಿ ತೆಗೆದು, ಕಲ್ಲಿನ ಚೂರಿನಿಂದ ಉಜ್ಜಿ ಹೊಳಪು ಬರಿಸುತ್ತಾನೆ. ಬೆನ್ನಿನಲ್ಲಿ ಉಳಿದಿರುವ ಕಾವು ಮೆಲ್ಲಗೆ ಬಾಯಿಯ ಕಡೆಗೆ ಹರಿದು ಬರುತ್ತದೆ. ಹೊಳೆಯುವ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ನೇರಿಳೆ, ನೀಲಿ ಬಣ್ಣಗಳು ಮೂಡುತ್ತವೆ. ಹಳದಿಯಿದ್ದಾಗ ಉಷ್ಣತೆ ಸುಮಾರು 230 ಡಿಗ್ರಿ. ನೀಲಿ ಬಂದಾಗ ಸುಮಾರು 300 ಡಿಗ್ರಿ. ಚಾಕುವಿಗೆ ಹುಲ್ಲಿನ ಹಳದಿ ಸಾಕು. ಆ ಕ್ಷಣದಲ್ಲಿ ಇಡೀ ಅಲಗನ್ನು ನೀರಿಗೆ ಅದ್ದಬೇಕು. ತಡವಾಗಿ ಬಾಯಿ ನೀಲಿಗೆ ತಿರುಗಿದರೆ ಅದು ಮೆದುವಾಗಿ, ಹರಿತವನ್ನು ಬಹುಕಾಲ ಹಿಡಿದಿಡಲಾರದು. ಬಾಯಿ ಗಡುಸಾಗಿ, ಬೆನ್ನು ಪೆಟ್ಟು ತಾಳುವಂತಿರುವುದೇ ಒಳ್ಳೆಯ ಹದ.

ಕೊನೆಯದು ಸಾಣೆಯ ಕೆಲಸ. ಮೊದಲು ಉರುಟು ಕಲ್ಲು, ಬಳಿಕ ನಯವಾದ ಕಲ್ಲು, ಅದರ ಬಳಿಕ ಇನ್ನೂ ನಯವಾದ ಕಲ್ಲು ಎಂಬ ಕ್ರಮವನ್ನು ಮೀರುವಂತಿಲ್ಲ. ಪ್ರತಿಯೊಂದು ಕಲ್ಲೂ ಹಿಂದಿನ ಕಲ್ಲಿನ ಗೀರುಗಳನ್ನು ಪೂರ್ತಿಯಾಗಿ ಅಳಿಸಬೇಕು. ಅವಸರಪಟ್ಟು ಒಂದು ಗೀರನ್ನು ಉಳಿಸಿಕೊಂಡವನು ಅದನ್ನು ಕೊನೆಯ ಹೊಳಪಿನಲ್ಲಿ ಎದ್ದು ಕಾಣುವಂತೆ ಕಂಡು, ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ. ತೀಡುವಾಗ ಅಲಗು ಕಾದರೆ ಬಂದ ಹದವೂ ಹೋಗುತ್ತದೆ. ಆದುದರಿಂದ ಆಗಾಗ ನೀರು ಹನಿಸುತ್ತಿರಬೇಕು.

ಇಂತಹ ವಿದ್ಯೆಯ ಸರಪಳಿ ಕಳಚಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. ದಕ್ಷಿಣ ಭಾರತದ ಕಮ್ಮಾರರು ಕಬ್ಬಿಣವನ್ನೂ ತಂಗಡಿ ಗಿಡದ ಕಡ್ಡಿಗಳನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ ಅತ್ಯುತ್ತಮವಾದ ಉಕ್ಕನ್ನು ಪಡೆಯುತ್ತಿದ್ದರು. ಅದರಲ್ಲಿ ನೂರಕ್ಕೆ ಸುಮಾರು 1.5 ಭಾಗ ಇಂಗಾಲವಿರುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ವಿವರಿಸಿದ್ದಾನೆ. ಐರೋಪ್ಯರು ಇದನ್ನು ‘ವೂಟ್ಜ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಎಂಬ ಪದದಿಂದಲೇ ಬಂದುದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಲಂಡನ್ನಿನ ಚಾಕು ತಯಾರಕನಾದ ಜೇಮ್ಸ್ ಸ್ಟೋಡಾರ್ಟ್ ಇದನ್ನು ಮೆಚ್ಚಿ, ಕಮ್ಮಾರನ ಮಗನಾಗಿದ್ದ ವಿಜ್ಞಾನಿ ಮೈಕೇಲ್ ಫ್ಯಾರಡೆಯೊಡನೆ ಪ್ರಯೋಗಗಳನ್ನು ನಡೆಸಿದನು. ಇದರ ಗುಟ್ಟು ಪೂರ್ತಿಯಾಗಿ ಅವರಿಗೆ ದಕ್ಕಲಿಲ್ಲ. ಹೆಚ್ಚು ಕಾಯಿಸಿ ಬಡಿದರೆ ಈ ಉಕ್ಕು ಪುಡಿಯಾಗುತ್ತಿತ್ತು. ಅದಕ್ಕೆ ಬೇಕಾದ ಮಂಕುಗೆಂಪು ಕಾವು ಇಲ್ಲಿಯ ಕಮ್ಮಾರರ ಕಣ್ಣಿಗೆ ಪರಿಚಿತವಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ವಿದೇಶದ ಅಗ್ಗದ ಉಕ್ಕು ಬಂದು, ಕಾಡಿನ ಇದ್ದಿಲು ದುರ್ಲಭವಾಗಿ, ಈ ಮೂಸೆಗಳು ಒಂದೊಂದಾಗಿ ತಣ್ಣಗಾದವು. ಈ ಉಕ್ಕಿನ ಕತ್ತಿಗಳ ಮೇಲೆ ಮೂಡುತ್ತಿದ್ದ ನೀರಲೆಯಂತಹ ಚಿತ್ತಾರದ ಗುಟ್ಟನ್ನು ಬಿಡಿಸಲು 1990ರ ದಶಕದವರೆಗೆ ಕಾಯಬೇಕಾಯಿತು. ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಚಾಕು ತಯಾರಕ ಆಲ್ಫ್ರೆಡ್ ಪೆಂಡ್ರೆ ಜೊತೆಗೂಡಿ ದುಡಿದು, ಉಕ್ಕಿನಲ್ಲಿರುವ ವೆನೇಡಿಯಂನಂತಹ ಲೋಹಗಳ ಅತ್ಯಲ್ಪ ಅಂಶವೇ ಆ ಚಿತ್ತಾರಕ್ಕೆ ಕಾರಣವೆಂದು ತೋರಿಸಿದರು. ವಿಜ್ಞಾನಿಯ ಸೂಕ್ಷ್ಮದರ್ಶಕವೊಂದೇ ಅದಕ್ಕೆ ಸಾಲಲಿಲ್ಲ. ಕುಲುಮೆಯ ಮುಂದೆ ಪಳಗಿದ ಕೈಯೂ ಬೇಕಾಯಿತು.

ಇಂದಿಗೂ ಆಯುಧಪೂಜೆಯ ದಿನ ಕಮ್ಮಾರನು ಅಡಿಗಲ್ಲನ್ನು ತೊಳೆದು, ಸುತ್ತಿಗೆ ಇಕ್ಕುಳಗಳನ್ನು ಅದರ ಮೇಲಿಟ್ಟು ಪೂಜಿಸುತ್ತಾನೆ. ಆದರೆ ಕಾರ್ಖಾನೆಯ ಚಾಕು ಅಂಗಡಿಯಲ್ಲಿ ಕಡಿಮೆ ಬೆಲೆಗೆ ದೊರೆಯುವುದರಿಂದ ಕುಲುಮೆಗಳ ಸಂಖ್ಯೆ ಇಳಿಮುಖವಾಗಿದೆ. ಬೇಗೂರಿನ ಕಲ್ಲು ಯೋಧನ ಹೆಸರನ್ನು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಾಪಾಡಿಕೊಂಡು ಬಂದಿದೆ. ಕಮ್ಮಾರನ ಹದವನ್ನು ಕಾಪಾಡುವುದು ಕಲ್ಲಿಗೆ ಸಾಧ್ಯವಿಲ್ಲ. ಅದಕ್ಕೆ ತಿದಿಯ ಬಳಿ ಕುಳಿತು ಬೆಂಕಿಯ ಬಣ್ಣವನ್ನು ನೋಡುವ ಶಿಷ್ಯನೊಬ್ಬನು ಬೇಕು.