ಹಿಂದುಗಡೆಯ ಕೋಣೆ

ಆಷಾಢದ ಮಡಿಕೇರಿಯಲ್ಲಿ ಕತ್ತಲೆ ಬೇಗ ಇಳಿಯುತ್ತದೆ. ನಾಲ್ಕೂವರೆಗೇ ಅಂಗಡಿಗಳ ಬಲ್ಬುಗಳು ಹೊತ್ತಿಕೊಳ್ಳುತ್ತವೆ, ಮಂಜು ಬಸ್ಸಿನ ಹೆಡ್‌ಲೈಟಿನವರೆಗೂ ಬಂದು ನಿಲ್ಲುತ್ತದೆ. ಏರುದಾರಿ ಹಿಡಿದರೆ ಒಂದು ಕಡೆಯಿಂದ ಕಾಫಿಬೀಜ ಹುರಿಯುವ ಘಮ, ಇನ್ನೊಂದು ಕಡೆಯಿಂದ ಒದ್ದೆ ಗೋಣಿಯ ವಾಸನೆ. ತಗಡಿನ ಸೂರುಗಳ ಮೇಲೆ ಎಡೆಬಿಡದ ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು. ಕೊಡೆ ಮಡಚಿ ಲಾಡ್ಜಿನ ಮೆಟ್ಟಿಲು ಹತ್ತಿದವರಿಗೆ ಬೇಕಾದದ್ದು ಒಣಗಿದ ಹಾಸಿಗೆ, ಒಂದು ಬಕೆಟ್ ಬಿಸಿನೀರು, ಅಷ್ಟೆ.

ಕೌಂಟರಿನಲ್ಲಿ ದಪ್ಪ ರಿಜಿಸ್ಟರು, ದಾರ ಕಟ್ಟಿದ ಪೆನ್ನು, ಊದುಬತ್ತಿಯ ಹೊಗೆ. ಮ್ಯಾನೇಜರು ನನ್ನ ಮೊಬೈಲಿನತ್ತ ಒಮ್ಮೆ ನೋಡಿ, ಆಧಾರ್ ಜೆರಾಕ್ಸ್ ಇಸಿದುಕೊಂಡು, "ಆಪ್ ಬುಕಿಂಗು. ಹಿಂದುಗಡೆ ಕೊಡು" ಎಂದು ಹುಡುಗನ ಕೈಗೆ ಕೀ ಇಟ್ಟರು.

ಬನ್ನಿ, ಆ ಹುಡುಗನ ಹಿಂದೆಯೇ ಹೋಗೋಣ. ಓಣಿಯಂಥ ಪ್ಯಾಸೇಜಿನ ಉದ್ದಕ್ಕೂ ನೈಲಾನ್ ಹಗ್ಗ, ಅದರ ಮೇಲೆ ಒಗೆದ ಬೆಡ್‌ಶೀಟುಗಳು, ಅವುಗಳಿಗೆ ಎದುರಾಗಿ ಗರಗರ ತಿರುಗುವ ಫ್ಯಾನು. ಬಿಸಿಲೇ ಇಲ್ಲದ ಊರಿನಲ್ಲಿ ಬಟ್ಟೆ ಅರೆ ಒಣಗಿದಾಗಲೇ ಹಾಸಿಗೆಗೆ ಏರುತ್ತದೆ. ಕೋಣೆಯ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು, ಅದನ್ನು ಮುಚ್ಚಲು ಹಾಕಿದ ನುಸಿಗುಳಿಗೆಯ ಘಾಟು ಅದಕ್ಕಿಂತ ಜೋರು. ಮುಟ್ಟಿದರೆ ರಗ್ಗು ತಣ್ಣಗೆ ಅಂಟುತ್ತಿತ್ತು. ಆಪ್‌ನ ಫೋಟೊದಲ್ಲಿ ಕಿಟಕಿಯಾಚೆ ಬೆಟ್ಟದ ಸಾಲಿತ್ತು. ಇಲ್ಲಿ ಕಂಡದ್ದು ಪಕ್ಕದ ಕಟ್ಟಡದ ಪಾಚಿಗಟ್ಟಿದ ಗೋಡೆ, ಸೋರುವ ಪೈಪು. "ಫೋಟೊ ಮುಂದಿನ ರೂಮಿಂದು ಸಾರ್. ಅದು ಡೈರೆಕ್ಟ್ ಬರೋರಿಗೆ" ಎಂದ ಹುಡುಗ. ಗೀಸರಿನ ಸ್ವಿಚ್ಚು ಸುಟ್ಟು ಕಪ್ಪಾಗಿತ್ತು. ಅವನೇ ಕೆಳಗಿನಿಂದ ಬಿಸಿನೀರು ಹೊತ್ತು ತಂದ, ಪ್ರತಿ ಮೆಟ್ಟಿಲಿಗೂ ಬಕೆಟ್ಟಿನ ಹಿಡಿ ಕಿರ್ರೆನ್ನುತ್ತಿತ್ತು. ರಾತ್ರಿ ಬಾಗಿಲು ಕಾಯುವವನೂ ಅವನೇ, ಬೆಳಿಗ್ಗೆ ಬಕೆಟ್ ತೊಳೆಯುವವನೂ ಅವನೇ.

2,400 ರೂಪಾಯಿಯನ್ನು ಗೀಟೆಳೆದು ಹೊಡೆದುಹಾಕಿ 899 ಎಂದು ತೋರಿಸಿದ್ದ ಕೋಣೆ ಇದು. ತೆರಿಗೆ, ಶುಲ್ಕ ಎಂದು ಸೇರುತ್ತ ಸೇರುತ್ತ ಹಣ ಕಟ್ಟುವ ಹೊತ್ತಿಗೆ ಬಾಡಿಗೆ ಸಾವಿರ ದಾಟಿತ್ತು. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಏರಿಸುವ ಈ ಚಾಳಿ, 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಮೋಸದ ತಂತ್ರಗಳಲ್ಲೊಂದು. ನಾವು ಕಟ್ಟಿದ್ದೆಲ್ಲ ಲಾಡ್ಜಿಗೂ ಸೇರುವುದಿಲ್ಲ. ಆಪ್‌ಗಳು ಸಾಮಾನ್ಯವಾಗಿ ನೂರಕ್ಕೆ 15 ರೂಪಾಯಿಯೋ ಅದಕ್ಕೂ ಹೆಚ್ಚೋ ಕಮಿಷನ್ ಹಿಡಿದೇ ಉಳಿದದ್ದನ್ನು ಕೊಡುತ್ತವೆ. ಹಾಗೆ ಉಳಿದ ದುಡ್ಡಿನಲ್ಲಿ ಮಾಲೀಕರು ಮೊದಲು ಕತ್ತರಿ ಹಾಕುವುದು ಲಾಂಡ್ರಿಗೆ, ರಿಪೇರಿಗೆ, ಇನ್ನೊಬ್ಬ ಕೆಲಸದವನ ಸಂಬಳಕ್ಕೆ. ನನ್ನ ಕೋಪ ಆ ಹುಡುಗನ ಮೇಲಲ್ಲ. ನಮಗೆ ಸಿಕ್ಕ ರಿಯಾಯಿತಿಯ ಭಾರ ಅವನ ತೋಳಿನ ಮೇಲಿದೆ. ಬೆಟ್ಟ ತೋರಿಸಿ ಗೋಡೆ ಕೊಡುವ ವ್ಯಾಪಾರ ಮಾತ್ರ ಅನ್ಯಾಯದ್ದು, ಅದನ್ನು ಸಹಿಸಬೇಕಾಗಿಲ್ಲ.

ಮಳೆಗಾಲದಲ್ಲಿ ಹೊರಡುವವರು ಹಣ ಕಟ್ಟುವ ಮುಂಚೆ ಲಾಡ್ಜಿಗೇ ಒಂದು ಫೋನ್ ಮಾಡಿ. ಕೋಣೆ ಯಾವ ಕಡೆಯದು, ಗೀಸರ್ ನಡೆಯುತ್ತದೆಯೇ, ನೇರ ಬಂದರೆ ಬಾಡಿಗೆ ಎಷ್ಟು ಎಂದು ಕೇಳಿ. ಕೋಣೆ ನೋಡಿದ ಮೇಲೆಯೇ ರಿಜಿಸ್ಟರಿಗೆ ಸಹಿ ಹಾಕಿ. ತೋರಿಸಿದ್ದೊಂದು, ಕೊಟ್ಟದ್ದೊಂದು ಆದರೆ ಫೋಟೊ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ಕೊಡಿ.